ಈ ವರ್ಷ ಯಾರು ಯಾವ ಮೇಳಕ್ಕೆ?

ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಫುಟ್‌ಬಾಲ್ ಹುಚ್ಚಿನವನು. 2013ರಲ್ಲಿ ಬೆಂಗಳೂರು ಎಫ್‌ಸಿ ತಂಡ ಹುಟ್ಟಿದಂದಿನಿಂದ ಅದರ ಅಭಿಮಾನಿ. ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟು ಗಂಟಲು ಹರಿಯುವಂತೆ ಕೂಗುವವರ ಪೈಕಿ ಅವನೂ ಒಬ್ಬ. ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಸಮೀಪದ ನಮ್ಮ ಮನೆಗೆ ಬಂದಿದ್ದಾಗ ಊಟದ ಎಲೆಯ ಮುಂದೆಯೂ ಅವನದು ಅದೇ ಮಾತು. ಆ ಆಟಗಾರನನ್ನು ಏಕೆ ಬಿಟ್ಟರು, ವಯಸ್ಸಾದ ಇನ್ನೊಬ್ಬನ ಒಪ್ಪಂದವನ್ನು ಏಕೆ ಮುಂದುವರಿಸಿದರು, ಸುನಿಲ್ ಛೆಟ್ರಿಯ ನಂತರ ಯಾರು? ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ ನನ್ನ ತಾಯಿ ಕೊನೆಗೆ ಕೇಳಿದರು: 'ಇದು ಯಾವ ಮೇಳದ ಸುದ್ದಿಯೋ ತಮಾ?'

ನಾವೆಲ್ಲ ನಕ್ಕೆವು. ಆದರೆ ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹುಟ್ಟಿ ಬೆಳೆದವರಿಗೆ ತಂಡ ಎಂದರೆ ಯಕ್ಷಗಾನ ಮೇಳ. ಆಟ ಎಂದರೆ ರಾತ್ರಿಯಿಡೀ ನಡೆಯುವ ಬಯಲಾಟ. ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟ ಮೇಳಗಳು ಮೇ ತಿಂಗಳ ಕೊನೆಯಲ್ಲಿ ಗೆಜ್ಜೆ ಬಿಚ್ಚುತ್ತವೆ. ಮಳೆ ಹಿಡಿದ ಮೇಲೆ ಶುರುವಾಗುವುದೇ ನಿಜವಾದ ಕುತೂಹಲ. ಪೆರ್ಡೂರಿನಿಂದ ಯಾರು ಹೊರಬಿದ್ದರು? ಸಾಲಿಗ್ರಾಮಕ್ಕೆ ಯಾರು ಸೇರಿದರು? ಸ್ತ್ರೀವೇಷಕ್ಕೆ ಯಾರು, ಎರಡನೇ ವೇಷಕ್ಕೆ ಯಾರು, ಚಂಡೆಗೆ ಯಾರು? ಫುಟ್‌ಬಾಲಿನವರು 'ವರ್ಗಾವಣೆ ಕಿಟಕಿ' ಎಂದು ಕರೆಯುವುದನ್ನು ನಮ್ಮ ಮೇಳಗಳ ಯಜಮಾನರು ಬಹಳ ಹಿಂದಿನಿಂದಲೇ ತೆರೆದಿಟ್ಟಿದ್ದಾರೆ. ಅದರ ಹೊರಗೆ ನಿಂತು ಇಣುಕುವ ಕೆಲಸವನ್ನು ನಾವು ರಸಿಕರು ಅಷ್ಟೇ ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದೇವೆ.

ನಮ್ಮ ವಾಗ್ವಾದಗಳಿಗೆ ವೇದಿಕೆಯೆಂದರೆ ಅಡಿಕೆ ಸುಲಿಯುವ ಅಂಗಳ. ಕೊನೆಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಹತ್ತಾರು ಜನ ಸಾಲಾಗಿ ಕುಳಿತರೆ ಮಧ್ಯರಾತ್ರಿಯವರೆಗೆ ಕೈಗೆ ಅಡಿಕೆ, ಬಾಯಿಗೆ ಯಕ್ಷಗಾನ. ನನ್ನ ಯೌವನದಲ್ಲಿ ಆ ಅಂಗಳ ಎರಡು ಪಕ್ಷವಾಗಿ ಸೀಳುತ್ತಿತ್ತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಕುಣಿದನೆಂದರೆ ಜಗತ್ತೇ ಕುಣಿಯಿತು ಎನ್ನುವವರು ಒಂದು ಕಡೆ. ಕೆರೆಮನೆಯವರ ಹಿತಮಿತದ ಅಭಿನಯ ಮತ್ತು ತೂಗಿ ಆಡುವ ಮಾತಿಗೆ ಮಾತ್ರ ಮಾರುಹೋದವರು ಇನ್ನೊಂದು ಕಡೆ. ಸುಲಿದ ಅಡಿಕೆಯ ಲೆಕ್ಕ ತಪ್ಪುತ್ತಿತ್ತೇ ಹೊರತು ಯಾವ ಪಾತ್ರವನ್ನು ಯಾರು ಯಾವ ಊರಿನಲ್ಲಿ ಮಾಡಿದರೆಂಬ ಲೆಕ್ಕ ತಪ್ಪುತ್ತಿರಲಿಲ್ಲ. ಚಿಟ್ಟಾಣಿಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಕೆರೆಮನೆ ಪಕ್ಷದ ನಮ್ಮ ನೆರೆಯ ಹಿರಿಯರೊಬ್ಬರು ಸಂತೋಷಪಟ್ಟರು; ಆದರೆ ಸಂತೋಷಪಟ್ಟದ್ದನ್ನು ಯಾರಿಗೂ ಹೇಳಬಾರದೆಂದು ನನಗೆ ತಾಕೀತು ಮಾಡಿದರು. 2017ರ ಅಕ್ಟೋಬರಿನಲ್ಲಿ ಚಿಟ್ಟಾಣಿ ತೀರಿಕೊಂಡ ದಿನ ಅವರ ಮನೆಯಲ್ಲಿ ರೇಡಿಯೋ ಸದ್ದು ಮಾಡಲಿಲ್ಲ.

ಈ ವಾಗ್ವಾದದ ಒಳಗೆ ಒಂದು ನೀತಿಸಂಹಿತೆಯೂ ಇತ್ತು. ಅದನ್ನು ಯಾರೂ ಬರೆದಿಡಲಿಲ್ಲ. ಒಂದೇ ಮೇಳದಲ್ಲಿ ನಿಂತವನು ನಿಷ್ಠಾವಂತ, ಬಿಟ್ಟುಹೋದವನು ಹಣದಾಸೆಯವನು. ಶಿರಸಿ ತಾಲ್ಲೂಕಿನ ನೆಬ್ಬೂರು ನಾರಾಯಣ ಭಾಗವತರು ಬದುಕಿನ ಬಹುಭಾಗವನ್ನು ಕೆರೆಮನೆಯ ಇಡಗುಂಜಿ ಮೇಳದ ಪದ್ಯಕ್ಕೇ ಕೊಟ್ಟವರು. ಸುಬ್ರಹ್ಮಣ್ಯ ಧಾರೇಶ್ವರರ ಹೆಸರು ದಶಕಗಳ ಕಾಲ ಪೆರ್ಡೂರು ಮೇಳದ ಹೆಸರಿಗೆ ಅಂಟಿಕೊಂಡೇ ಇತ್ತು. 2019ರಲ್ಲಿ ನೆಬ್ಬೂರರು, 2024ರಲ್ಲಿ ಧಾರೇಶ್ವರರು ತೀರಿಕೊಂಡಾಗ ನಾವು ಮೊದಲು ನೆನೆದದ್ದು ಈ ನಿಷ್ಠೆಯನ್ನೇ. ನೆನೆಯಲೇಬೇಕಾದದ್ದು. ಆದರೆ ಮೇಳ ಬದಲಿಸಿದವನನ್ನು ಅಂಗಳದಲ್ಲಿ ಕುಳಿತು ಹಳಿಯುವಾಗ ಅವನು ಯಾವ ಒಪ್ಪಂದಕ್ಕೆ ಕಟ್ಟುಬಿದ್ದಿದ್ದ, ಯಾವುದರಿಂದ ಬಿಡಿಸಿಕೊಂಡ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಆ ಒಪ್ಪಂದದ ಹೆಸರು ವೀಳ್ಯ. ಕವಳ ಹಾಕುವ ನಮಗೆ ಈ ಶಬ್ದ ಕೇಳಿದೊಡನೆ ಎಲೆಯಡಿಕೆ ನೆನಪಾಗುತ್ತದೆ. ಮೇಳದ ಲೋಕದಲ್ಲಿ ಅದರ ಜೊತೆಗೆ ಮುಂಗಡದ ಹಣವೂ ಇರುತ್ತದೆ. ಯಜಮಾನರು ಕಲಾವಿದನನ್ನು ಮುಂದಿನ ತಿರುಗಾಟಕ್ಕೆ ಗೊತ್ತುಮಾಡಿದರು, ಅವನು ಒಪ್ಪಿದ, ಅಲ್ಲಿಗೆ ಮುಗಿಯಿತು. ಬಾಯಿಮಾತಿನ ಈ ವ್ಯವಸ್ಥೆಗೆ ಒಂದು ಘನತೆಯಿದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಕೊಟ್ಟ ಮಾತಿಗೆ ಬಿದ್ದು ಜ್ವರದಲ್ಲೂ ಕಿರೀಟ ಕಟ್ಟಿದವರನ್ನು ಕಂಡಿದ್ದೇನೆ. ನಷ್ಟದ ವರ್ಷದಲ್ಲೂ ಮಾತು ಉಳಿಸಿಕೊಂಡ ಯಜಮಾನರ ಸುದ್ದಿ ಕೇಳಿದ್ದೇನೆ. ಆದರೆ ಬಾಯಿಮಾತಿನಲ್ಲಿ ಇರದ ಸಂಗತಿಗಳೂ ಇವೆ. ಮಂಡಿ ಕುಳಿತು ಸುತ್ತು ಹಾಕುವವನ ಮಂಡಿಯೇ ಹೋದರೆ? ನೂರೈವತ್ತಕ್ಕೂ ಹೆಚ್ಚು ರಾತ್ರಿ ನಿದ್ದೆಗೆಟ್ಟವನಿಗೆ ಜೂನ್‌ನಿಂದ ನವೆಂಬರಿನವರೆಗೆ ಗಂಜಿ ಯಾರದು? 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ತಿರುಗಾಟ ನಡುದಾರಿಯಲ್ಲಿ ನಿಂತಾಗ ಈ ಪ್ರಶ್ನೆಗಳು ಒಮ್ಮೆಗೇ ಎದ್ದು ನಿಂತವು. ಆಗ ದಾನಿಗಳು ಅಕ್ಕಿಚೀಲ ಹಂಚಿದರು. ಅಕ್ಕಿಚೀಲ ಕರುಣೆಯ ಲೆಕ್ಕಕ್ಕೆ ಸೇರುವಂಥದ್ದು, ಒಪ್ಪಂದದ ಲೆಕ್ಕಕ್ಕಲ್ಲ.

ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳಬೇಕು. ಡೇರೆ ಮೇಳಗಳ ಆಟವನ್ನು ಊರಿನ ನಾಲ್ಕಾರು ಜನ ಸೇರಿ ಇಂತಿಷ್ಟು ಮೊತ್ತಕ್ಕೆ 'ಕಂಟ್ರಾಕ್ಟು' ಹಿಡಿಯುವ ಪದ್ಧತಿಯಿದೆ. ಟಿಕೆಟು ಮಾರಿ ಬಂದದ್ದರಲ್ಲಿ ಉಳಿದರೆ ಊರಿಗೆ, ಕಳೆದರೆ ಕೈಯಿಂದ. 1998ರಲ್ಲಿ ನಾವು ನಾಲ್ವರು ನಮ್ಮೂರ ಶಾಲೆಯ ಮೈದಾನಕ್ಕೆ ಒಂದು ಮೇಳದ ಆಟ ಹಿಡಿದೆವು. ಮೇಳದ ಹೆಸರು ಇಲ್ಲಿ ಬೇಡ. ಆ ಮೇಳದ ಎರಡನೇ ವೇಷಧಾರಿ ಐವತ್ತೈದು ದಾಟಿದವರು. ಮಾತಿಗೆ ತೂಕ ಇತ್ತು, ಆದರೆ ಕಾಲು ಮೊದಲಿನಂತೆ ಏಳುತ್ತಿರಲಿಲ್ಲ. ಪ್ರಚಾರಕ್ಕೆ ಹೋದಲ್ಲೆಲ್ಲ ಜನ ಕೇಳಿದ್ದು ಇನ್ನೊಬ್ಬ ಯುವ ಕಲಾವಿದನ ಹೆಸರನ್ನು. ನಾವು ನಾಲ್ವರೂ ಯಜಮಾನರ ಬಳಿ ಹೋಗಿ, ಆ ಪಾತ್ರಕ್ಕೆ ಯುವಕನನ್ನೇ ಅತಿಥಿಯಾಗಿ ಕರೆಸಬೇಕು, ಇಲ್ಲವಾದರೆ ಟಿಕೆಟು ಹೋಗದು ಎಂದೆವು. ಹಿರಿಯರು ಸ್ವಲ್ಪ 'ವಿಶ್ರಾಂತಿ' ತೆಗೆದುಕೊಳ್ಳಲಿ ಎಂಬ ಮಾತನ್ನು ಸೇರಿಸಿದವನು ನಾನೇ. ಹಾಗೆ ಹೇಳಿದ್ದು ಸಭ್ಯತೆ ಎಂದು ಆಗ ತಿಳಿದಿದ್ದೆ.

ಯುವಕ ಬಂದ, ಆಟ ರಂಗೇರಿತು, ಚಪ್ಪಾಳೆಗೆ ಡೇರೆ ಹಾರಿತು. ನಡುವೆ ಚೌಕಿಗೆ ಹೋಗಿದ್ದೆ. ಗ್ಯಾಸ್‌ಲೈಟಿನ ಮೂಲೆಯಲ್ಲಿ ಆ ಹಿರಿಯರು ಬಣ್ಣ ಹಚ್ಚದ ಮುಖದಲ್ಲಿ ಕುಳಿತು ಬಾಲಕನೊಬ್ಬನಿಗೆ ಕೇದಗೆ ಮುಂದಲೆ ಕಟ್ಟಿಕೊಡುತ್ತಿದ್ದರು. ನನ್ನನ್ನು ನೋಡಿ ನಕ್ಕರು. ಮರುವರ್ಷದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನಮ್ಮ ಒಂದು ಮಾತಿನಿಂದಲೇ ಹಾಗಾಯಿತೆಂದು ಹೇಳಲಾರೆ. ನಮ್ಮಂಥ ನಾಲ್ವರು ಪ್ರತಿ ಊರಿನಲ್ಲೂ ಇದ್ದರು.

ನಾವು ಕೇಳಿದ್ದು ಕ್ರಮೇಣ ನಮಗೆ ಪೂರ್ತಿಯಾಗಿಯೇ ಸಿಕ್ಕಿತು. ಹಲವು ಡೇರೆ ಮೇಳಗಳು ಮುಚ್ಚಿದವು. ಶಿರಸಿ, ಯಲ್ಲಾಪುರದ ಸಭಾಭವನಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಕೂಡಾಟ: ಆ ಮೇಳದ ಭಾಗವತ, ಈ ಮೇಳದ ಮದ್ದಳೆ, ಮತ್ತೊಂದು ಕಡೆಯ ನಾಯಕ, ಬೇರೆಲ್ಲಿಂದಲೋ ಬಂದ ಹಾಸ್ಯ. ಭಿತ್ತಿಪತ್ರದ ತುಂಬ ಭಾವಚಿತ್ರಗಳು. ಅಡಿಕೆ ಅಂಗಳದಲ್ಲಿ ನಾವು ಕಟ್ಟುತ್ತಿದ್ದ ಕನಸಿನ ತಂಡವೇ ಕಣ್ಣೆದುರು ನಿಲ್ಲುತ್ತದೆ. ನಿಂತರೂ ಏನೋ ಕೊರತೆ. ಇಡೀ ತಿರುಗಾಟ ಜೊತೆಗಿದ್ದ ಭಾಗವತನಿಗೆ ನಟನ ಉಸಿರು ಎಲ್ಲಿ ಮುಗಿಯುತ್ತದೆಂದು ಗೊತ್ತಿರುತ್ತದೆ. ಸಂಜೆ ಎಂಟಕ್ಕೆ ಚೌಕಿಯಲ್ಲಿ ಕೈಕುಲುಕಿದವರಿಗೆ ಅದು ಹೇಗೆ ತಿಳಿಯಬೇಕು? ಒಬ್ಬರು ತಮ್ಮ ಪ್ರಸಿದ್ಧ ಪದ್ಯಕ್ಕೆ ಅರ್ಧ ಗಂಟೆ ಕುಣಿದರೆ ಇನ್ನೊಬ್ಬರ ಪಾತ್ರ ಎರಡು ಮಾತಿಗೆ ಇಳಿಯುತ್ತದೆ. ಸೋದರಳಿಯನನ್ನು ಕೇಳಿದರೆ, ಚೆಂಡು ದಾಟಿಸದೆ ಹನ್ನೊಂದು ಜನರೂ ಗೋಲು ಹೊಡೆಯಲು ಹೊರಟ ಹಾಗೆ ಎಂದಾನು.

ಇದಕ್ಕಿಂತ ದೊಡ್ಡ ನಷ್ಟ ಆಟದ ಮೊದಲ ಭಾಗದಲ್ಲಾಗಿದೆ. ರಾತ್ರಿಯಿಡೀ ನಡೆಯುತ್ತಿದ್ದ ಆಟದಲ್ಲಿ ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂದು ಎಳೆಯರಿಗೆ ಜಾಗವಿತ್ತು. ಪ್ರೇಕ್ಷಕರು ಇನ್ನೂ ಊಟ ಮುಗಿಸಿ ಬರುತ್ತಿರುವಾಗ, ಅರೆಬರೆ ತುಂಬಿದ ಡೇರೆಯ ಮುಂದೆ ಹುಡುಗರು ತಪ್ಪುಹೆಜ್ಜೆ ಹಾಕಿ ಕಲಿಯುತ್ತಿದ್ದರು. ಮೂರ್ನಾಲ್ಕು ಗಂಟೆಯ ಕಾಲಮಿತಿಯ ಆಟದಲ್ಲಿ ತಪ್ಪುಹೆಜ್ಜೆಗೆ ಸಮಯವಿಲ್ಲ. ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಶ್ರೀಮಯ ಕಲಾಕೇಂದ್ರ ಕಟ್ಟಿದ್ದು ಕಲಿಕೆಗೊಂದು ನೆಲೆ ಬೇಕೆಂದೇ. ಆದರೆ ಕಲಿತವನಿಗೆ ನಿತ್ಯ ನಿಲ್ಲಲು ಒಂದು ರಂಗಸ್ಥಳವೂ ಬೇಕಲ್ಲ?

ರಸಿಕರಿಗೆ ಶಕ್ತಿಯಿಲ್ಲ ಎಂದು ಮಾತ್ರ ಯಾರೂ ಹೇಳದಿರಲಿ. 2019ರ ನವೆಂಬರಿನಲ್ಲಿ ತೆಂಕುತಿಟ್ಟಿನ ಕಟೀಲು ಮೇಳದ ತಿರುಗಾಟ ಆರಂಭವಾದ ರಾತ್ರಿಯೇ ಭಾಗವತ ಪಟ್ಲ ಸತೀಶ ಶೆಟ್ಟಿಯವರನ್ನು ರಂಗಸ್ಥಳದಿಂದ ಇಳಿಸಿದಾಗ ಕರಾವಳಿಯುದ್ದಕ್ಕೂ ಎದ್ದ ಗದ್ದಲ ಘಟ್ಟದ ಮೇಲಿನ ನಮ್ಮ ಅಂಗಳಗಳಿಗೂ ತಲುಪಿತ್ತು. ಮರುವರ್ಷ ಅವರು ಪಾವಂಜೆ ಮೇಳದ ಪ್ರಧಾನ ಭಾಗವತರಾದರು, ಅಭಿಮಾನಿಗಳು ಅಲ್ಲಿಗೂ ಹಿಂಬಾಲಿಸಿದರು. ಯಾರದು ಸರಿ, ಯಾರದು ತಪ್ಪು ಎಂಬ ತೀರ್ಪಿಗೆ ನಾನು ಹೋಗುವುದಿಲ್ಲ. ನನ್ನ ಗಮನ ಸೆಳೆದದ್ದು ಬೇರೆ: ಅವರ ಹೆಸರಿನಲ್ಲಿ 2015ರಲ್ಲೇ ಹುಟ್ಟಿದ ಪ್ರತಿಷ್ಠಾನ ಕಲಾವಿದರಿಗೆ ವಿಮೆ, ಮನೆ ಎಂದು ಕೆಲಸಕ್ಕೆ ತೊಡಗಿತ್ತು. ಉಡುಪಿಯಲ್ಲಿ 1975ರಿಂದ ಇರುವ ಯಕ್ಷಗಾನ ಕಲಾರಂಗವೂ ಯಕ್ಷನಿಧಿಯ ಮೂಲಕ ವೃತ್ತಿ ಕಲಾವಿದರ ಆಸ್ಪತ್ರೆ ಖರ್ಚಿಗೆ, ಸೂರಿಗೆ ಹೆಗಲು ಕೊಟ್ಟಿದೆ. ಇವೆಲ್ಲ ನೋಡುಗರು ಕಟ್ಟಿದ ಕೆಲಸಗಳೇ. ಕೆಳಗಿನವರಿಗೆ ಸಾಧ್ಯವಾದದ್ದು ಮೇಲಿನ ಮೂರು ತಾಲ್ಲೂಕುಗಳಿಗೆ, ಇಷ್ಟೊಂದು ಸಹಕಾರಿ ಸಂಘಗಳನ್ನು ಕಟ್ಟಿ ನಡೆಸಿದ ಅಡಿಕೆಯ ಊರುಗಳಿಗೆ, ಏಕೆ ಕಷ್ಟವಾಗಬೇಕು? ಕೂಡಾಟದ ಸಂಘಟಕರು ಪ್ರತಿ ಆಟದ ಗಳಿಕೆಯ ಒಂದು ಪಾಲನ್ನು, ಭಿತ್ತಿಪತ್ರದಲ್ಲಿ ಹೆಸರಿಲ್ಲದವರ ವಿಮೆಗೆ ತೆಗೆದಿಡಲಿ. ಮೊದಲ ಮುಕ್ಕಾಲು ಗಂಟೆ ಎಳೆಯರಿಗೆಂದು ಬಿಟ್ಟುಕೊಡಲಿ. ಟಿಕೆಟಿನ ಬೆಲೆ ಸ್ವಲ್ಪ ಏರಿದರೆ ನಾವು ಗೊಣಗುತ್ತೇವೆ. ಗೊಣಗಿ ಕೊಡುತ್ತೇವೆ.

ಸೋದರಳಿಯ ಊರಿಗೆ ಹೊರಡುವ ಮುನ್ನ ನಾನೊಂದು ಪ್ರಶ್ನೆ ಕೇಳಿದ್ದೆ: ಬಿಟ್ಟುಬಿಟ್ಟ ಆಟಗಾರ ಮುಂದೇನು ಮಾಡುತ್ತಾನೆ? ಅವನು ಕ್ಷಣ ತಡೆದ. ಆಟಗಾರರಿಗೆ 2006ರಿಂದ ತಮ್ಮದೇ ಸಂಘವಿದೆ, ಬರೆದ ಒಪ್ಪಂದವಿದೆ, ಬಾಕಿ ಬರದಿದ್ದರೆ ದೂರಬಹುದು ಎಂದ. ಅಷ್ಟು ಹೇಳಿ, 'ಅದನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ ಮಾವ' ಎಂದೂ ಸೇರಿಸಿದ.

ಆ ಹಿರಿಯ ವೇಷಧಾರಿಯನ್ನು ನಾನು ಮತ್ತೊಮ್ಮೆ ಕಂಡದ್ದು ಏಳೆಂಟು ವರ್ಷಗಳ ನಂತರ, ಶಿರಸಿಯ ಪೇಟೆಯಲ್ಲಿ. ಒಂದು ಅಂಗಡಿಯ ಮಾಳಿಗೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಗುರುತು ಹಿಡಿದು ಹತ್ತಿರ ಕೂರಿಸಿಕೊಂಡರು, ಕವಳದ ಸಂಚಿ ಬಿಚ್ಚಿ ಮುಂದಿಟ್ಟರು. ಮಾತಿನ ನಡುವೆ ಕೇಳಿದರು: 'ಆ ವರ್ಷ ನಿಮ್ಮೂರ ಆಟ ಕೈ ಕಚ್ಚಲಿಲ್ಲವಲ್ಲ?' ಇಲ್ಲ, ಸ್ವಲ್ಪ ಉಳಿಯಿತು, ಶಾಲೆಗೆ ಎರಡು ಬೆಂಚು ಮಾಡಿಸಿದೆವು ಎಂದೆ. 'ಒಳ್ಳೆಯದಾಯಿತು' ಎಂದು ಅವರು ಎಲೆಗೆ ಸುಣ್ಣ ಸವರತೊಡಗಿದರು.