ಸರ್ಫ್‌ಬೋರ್ಡ್‌ನ ತುತ್ತತುದಿಯಲ್ಲಿ ನಿಂತರೂ ಅದು ಮುಗ್ಗರಿಸುವುದಿಲ್ಲ ಯಾಕೆ? ಎಲ್ಲವೂ ಫಿನ್ ಮಹಿಮೆಯೇ?

ಇಂಥ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಉದ್ದನೆಯ ಸರ್ಫ್‌ಬೋರ್ಡ್ ಒಂದು ಅಲೆಯ ಮೇಲೆ ಜಾರುತ್ತಿರುತ್ತದೆ. ಅದರ ಮೇಲಿದ್ದವರು ಒಂದೊಂದೇ ಹೆಜ್ಜೆ ಇಡುತ್ತಾ ಮುಂದೆ ನಡೆದು, ಬೋರ್ಡ್‌ನ ಮೂತಿಯ ತುದಿಗೆ ಹೋಗಿ, ಹತ್ತೂ ಕಾಲ್ಬೆರಳುಗಳನ್ನು ಅಂಚಿನಿಂದ ಹೊರಗೆ ಚಾಚಿ ಆರಾಮಾಗಿ ನಿಲ್ಲುತ್ತಾರೆ. ಹಿಂದೆ ಒಂಬತ್ತು ಅಡಿ ಹಲಗೆ ಖಾಲಿ. ಆದರೂ ಬೋರ್ಡ್ ಮುಗ್ಗರಿಸುವುದಿಲ್ಲ.

ಇದನ್ನು ನೋಡಿದವರು ಸಾಮಾನ್ಯವಾಗಿ ಹೇಳುವ ಮಾತುಗಳು ಮೂರು. ಒಂದು, "ಇದು ಎಡಿಟಿಂಗ್." ಎರಡು, "ಬೋರ್ಡ್‌ನ ಹಿಂದೆ ಭಾರ ಕಟ್ಟಿರುತ್ತಾರೆ." ಮೂರನೆಯದು ಸರ್ಫಿಂಗ್ ಬಗ್ಗೆ ಸ್ವಲ್ಪ ತಿಳಿದವರದು: "ಅಡಿಯಲ್ಲಿರುವ ಫಿನ್ ಅನ್ನು ಪೂರ್ತಿ ಹಿಂದಕ್ಕೆ ತಳ್ಳಿ ಸ್ಕ್ರೂ ಬಿಗಿ ಮಾಡಿದರೆ ಸಾಕು, ಯಾರು ಬೇಕಾದರೂ ಹೀಗೆ ನಿಲ್ಲಬಹುದು."

ಮೊದಲ ಎರಡು ತಪ್ಪು. ಮೂರನೆಯದು ಅರ್ಧ ಸತ್ಯ. ಅರ್ಧ ಸತ್ಯವನ್ನು ನಂಬಿ ಸಮುದ್ರಕ್ಕೆ ಇಳಿಯುವವರಿಗೆ ಪೆಟ್ಟಾಗಬಹುದು. ಹಾಗಾಗಿ ಇದನ್ನು ಬಿಡಿಸಿ ನೋಡೋಣ.

ಇದು ಹೊಸ ಟ್ರಿಕ್ ಅಲ್ಲ

ಈ ಆಟದ ಹೆಸರು ನೋಸ್‌ರೈಡಿಂಗ್. ನೋಸ್ ಅಂದರೆ ಬೋರ್ಡ್‌ನ ಮೂತಿ. ಹತ್ತು ಬೆರಳನ್ನೂ ಅಂಚಿನಾಚೆ ಚಾಚಿದರೆ ಅದು 'ಹ್ಯಾಂಗ್ ಟೆನ್', ಒಂದೇ ಕಾಲಿನ ಐದು ಬೆರಳಾದರೆ 'ಹ್ಯಾಂಗ್ ಫೈವ್'. ಇದಕ್ಕೆ ಬಳಸುವುದು ಲಾಂಗ್‌ಬೋರ್ಡ್, ಅಂದರೆ ಸುಮಾರು ಒಂಬತ್ತು ಅಡಿ ಅಥವಾ ಅದಕ್ಕಿಂತ ಉದ್ದದ ಬೋರ್ಡ್.

1965ರಲ್ಲೇ ಅಮೆರಿಕದ ಕ್ಯಾಲಿಫೋರ್ನಿಯಾದ ವೆಂಚುರಾದಲ್ಲಿ ಟಾಮ್ ಮೋರಿ ಎಂಬವರು ನೋಸ್‌ರೈಡಿಂಗ್‌ಗೆಂದೇ ಒಂದು ಸ್ಪರ್ಧೆ ನಡೆಸಿದ್ದರು. ಬೋರ್ಡ್‌ನ ಮುಂಭಾಗದಲ್ಲಿ ಯಾರು ಎಷ್ಟು ಹೊತ್ತು ನಿಂತರು ಎಂದು ಗಡಿಯಾರ ಹಿಡಿದು ಲೆಕ್ಕ ಹಾಕಿ, ಗೆದ್ದವರಿಗೆ ಹಣದ ಬಹುಮಾನ ಕೊಟ್ಟರು. ಮೊಬೈಲ್ ಎಡಿಟಿಂಗ್ ಆ್ಯಪ್‌ಗಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು. ಹಾಗಾಗಿ 'ಎಡಿಟಿಂಗ್' ಎಂಬ ಅನುಮಾನವನ್ನು ಇಲ್ಲಿಗೇ ಬಿಡಬಹುದು.

ಬಾಲವನ್ನು ಒತ್ತಿ ಹಿಡಿಯುವುದು ಯಾರು?

ನಿಂತ ನೀರಿನಲ್ಲಿ ಬೋರ್ಡ್‌ನ ತುದಿಗೆ ಹೋಗಿ ನಿಂತರೆ ಮೂತಿ ಮುಳುಗಿ ಬಾಲ ಮೇಲೇಳುತ್ತದೆ. ಇದರಲ್ಲಿ ಅನುಮಾನವಿಲ್ಲ. ಅಲೆಯ ಮೇಲೆ ಮಾತ್ರ ಲೆಕ್ಕ ಬೇರೆ.

ಮೊದಲನೆಯದಾಗಿ, ನೋಸ್‌ರೈಡಿಂಗ್ ಮಾಡುವವರು ಅಲೆ ಮುರಿದು ಸುರುಳಿಯಾಗಿ ಬೀಳುವ ಜಾಗಕ್ಕೆ ತೀರಾ ಹತ್ತಿರ ಇರುತ್ತಾರೆ. ಬೀಳುವ ನೀರು ಬೋರ್ಡ್‌ನ ಬಾಲದ ಮೇಲೆ ಹರಿಯುತ್ತದೆ. ಒಂದು ಕೊಡ ನೀರು ಎತ್ತಿದವರಿಗೆ ನೀರಿನ ಭಾರ ಎಷ್ಟೆಂದು ಗೊತ್ತು. ಬಾಲಕ್ಕೆ ಯಾರೂ ಭಾರ ಕಟ್ಟಬೇಕಿಲ್ಲ, ಅಲೆಯೇ ಹೇರುತ್ತದೆ.

ಎರಡನೆಯದನ್ನು ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಚಮಚದ ಹಿಡಿಯ ತುದಿಯನ್ನು ಎರಡು ಬೆರಳಿನಲ್ಲಿ ಸಡಿಲವಾಗಿ ಹಿಡಿದು ತೂಗುಬಿಡಿ. ಅದರ ಉಬ್ಬಿದ ಬೆನ್ನನ್ನು ನಲ್ಲಿಯಿಂದ ಬೀಳುವ ನೀರಿಗೆ ಮೆಲ್ಲಗೆ ತಾಗಿಸಿ. ನೀರು ಚಮಚವನ್ನು ಆಚೆ ತಳ್ಳುತ್ತದೆ ಎಂದುಕೊಂಡಿರುತ್ತೀರಿ, ಆದರೆ ತನ್ನತ್ತ ಎಳೆದುಕೊಳ್ಳುತ್ತದೆ. ಹರಿಯುವ ನೀರು ಉಬ್ಬಿದ ಮೈಗೆ ಅಂಟಿಕೊಂಡು ತಿರುಗುವುದರಿಂದ ಹೀಗಾಗುತ್ತದೆ. ಇದಕ್ಕೆ ಕೊವಾಂಡ ಪರಿಣಾಮ ಎಂದು ಹೆಸರು. ನೋಸ್‌ರೈಡಿಂಗ್ ಬೋರ್ಡ್‌ನ ಬಾಲವನ್ನು ಹಿಂದಕ್ಕೆ ಮೇಲ್ಮುಖವಾಗಿ ಬಾಗಿಸಿ, ಪಕ್ಕದ ಅಂಚುಗಳನ್ನು ದುಂಡಗೆ ಮಾಡಿರುವುದು ಇದಕ್ಕೇ. ಅಡಿಯಲ್ಲಿ ಹರಿಯುವ ನೀರು ಆ ಬಾಗಿದ ಮೈಗೆ ಅಂಟಿ, ಬಾಲವನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ.

ಮೂರನೆಯದು, ಮುಂದಕ್ಕೆ ಜಾರುವ ಮೂತಿಯನ್ನು ಅಡಿಯ ನೀರು ಮೇಲಕ್ಕೆ ಎತ್ತುತ್ತದೆ. ಇದಕ್ಕೆ ನೆರವಾಗಲಿ ಎಂದು ಅನೇಕ ಬೋರ್ಡ್‌ಗಳ ಮೂತಿಯ ಅಡಿಭಾಗವನ್ನು ತುಸು ಒಳಬಾಗಿಸಿರುತ್ತಾರೆ.

ಹಾಗಾದರೆ ಫಿನ್ ಮಾಡುವುದೇನು?

ಬೋರ್ಡ್‌ನ ಅಡಿಯಲ್ಲಿ, ಬಾಲದ ಹತ್ತಿರ, ಮೀನಿನ ಈಜುರೆಕ್ಕೆಯಂತೆ ಚಾಚಿರುವುದೇ ಫಿನ್. 1935ರಲ್ಲಿ ಟಾಮ್ ಬ್ಲೇಕ್ ಎಂಬವರು ಹವಾಯಿಯಲ್ಲಿ ಹಳೆಯ ಸ್ಪೀಡ್‌ಬೋಟ್ ಒಂದರ ಕೀಲ್ ಬಿಚ್ಚಿ ತಮ್ಮ ಬೋರ್ಡ್‌ಗೆ ಜೋಡಿಸಿದರು. ಸರ್ಫ್‌ಬೋರ್ಡ್‌ಗೆ ಫಿನ್ ಬಂದದ್ದು ಅಲ್ಲಿಂದ. ಅದಕ್ಕೂ ಮೊದಲು ಬೋರ್ಡ್‌ನ ಬಾಲ ಪಕ್ಕಕ್ಕೆ ಜಾರುವುದೇ ದೊಡ್ಡ ತಲೆನೋವಾಗಿತ್ತು.

ಈಗಲೂ ಫಿನ್‌ನ ಮುಖ್ಯ ಕೆಲಸ ಅದೇ. ಅಲೆಯ ಮುಖ ಒಂದು ಇಳಿಜಾರು. ಬೋರ್ಡ್ ಅದರಲ್ಲಿ ಅಡ್ಡಲಾಗಿ ಓಡುತ್ತದೆ. ಗುರುತ್ವ ಬೋರ್ಡನ್ನು ಕೆಳಕ್ಕೆ ಎಳೆಯುತ್ತದೆ, ನೀರು ಇಳಿಜಾರಿನಲ್ಲಿ ಮೇಲಕ್ಕೆ ಏರುತ್ತಿರುತ್ತದೆ. ಏರುವ ಈ ನೀರಿಗೆ ಫಿನ್ ಅಡ್ಡ ನಿಂತು, ಬಾಲ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಬಾಲ ಜಾರಿತೋ, ಅದರ ಮೇಲಿನ ನೀರಿನ ಹಿಡಿತ ತಪ್ಪುತ್ತದೆ, ಮೂತಿ ಮುಳುಗುತ್ತದೆ.

ದೊಡ್ಡ ಫಿನ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಗಾಳಿಪಟದ ಬಾಲಂಗೋಚಿಯಂತೆ ಹಿಂದಿನಿಂದ ತುಸು ಎಳೆದು ಹಿಡಿಯುತ್ತದೆ. ಬೋರ್ಡ್ ಸುರುಳಿಯನ್ನು ಬಿಟ್ಟು ಮುಂದೆ ಓಡಿಹೋದರೆ ಬಾಲದ ಮೇಲೆ ನೀರೇ ಇರುವುದಿಲ್ಲವಲ್ಲ? ನೋಸ್‌ರೈಡಿಂಗ್‌ನಲ್ಲಿ ಅತಿವೇಗ ತೊಂದರೆಯೇ. ಅದಕ್ಕೇ ಇದಕ್ಕೆ ಸುಮಾರು 9ರಿಂದ 10 ಇಂಚು ಎತ್ತರದ, ಹಿಂದಕ್ಕೆ ಹೆಚ್ಚು ಬಾಗದೆ ನೆಟ್ಟಗೆ ನಿಲ್ಲುವ, ಅಗಲವಾದ ಒಂದೇ ಫಿನ್ ಅನ್ನು ಹೆಚ್ಚಾಗಿ ಆರಿಸುತ್ತಾರೆ.

ಅಂದರೆ ಬಾಲವನ್ನು ಒತ್ತಿ ಹಿಡಿಯುವುದು ಅಲೆ. ಫಿನ್ ಮಾಡುವುದು ಬಾಲ ಆ ಹಿಡಿತದಿಂದ ಜಾರಿಹೋಗದಂತೆ ಕಾಯುವ ಕೆಲಸ.

ಫಿನ್ ಹಿಂದೆ ಸರಿಸಿದರೆ ಏನಾಗುತ್ತದೆ?

ಲಾಂಗ್‌ಬೋರ್ಡ್‌ನ ಅಡಿಯಲ್ಲಿ ಫಿನ್ ಬಾಕ್ಸ್ ಎಂಬ ಉದ್ದನೆಯ ಗಾಡಿ ಇರುತ್ತದೆ. ಸ್ಕ್ರೂ ಸಡಿಲಿಸಿ ಫಿನ್ ಅನ್ನು ಅದರಲ್ಲಿ ಕೆಲವು ಇಂಚು ಹಿಂದೆ ಮುಂದೆ ಸರಿಸಬಹುದು.

ಹಿಂದಕ್ಕೆ ಸರಿಸಿದರೆ ಬಾಲದ ಹಿಡಿತ ಹೆಚ್ಚುತ್ತದೆ, ಬೋರ್ಡ್ ನೇರವಾಗಿ, ಸ್ಥಿರವಾಗಿ ಓಡುತ್ತದೆ. ಮೂತಿಯಲ್ಲಿ ನಿಂತವರಿಗೆ ಇದು ಅನುಕೂಲ. ಆದರೆ ಬೋರ್ಡನ್ನು ತಿರುಗಿಸುವುದು ಕಷ್ಟ. ಮುಂದಕ್ಕೆ ಸರಿಸಿದರೆ ಬೋರ್ಡ್ ಸಲೀಸಾಗಿ ತಿರುಗುತ್ತದೆ, ಆದರೆ ಬಾಲ ಜಾರುವ ಸಾಧ್ಯತೆ ಹೆಚ್ಚು.

'ಪೂರ್ತಿ ಹಿಂದೆ ತಳ್ಳಿ' ಎಂಬ ಸಲಹೆ ಸೋಲುವುದು ಇಲ್ಲೇ. ಮೂತಿಗೆ ನಡೆಯುವ ಮೊದಲು ಒಂದು ಕೆಲಸ ಆಗಬೇಕು: ಬಾಲದ ಮೇಲೆ ನಿಂತು ಬೋರ್ಡನ್ನು ತಿರುಗಿಸಿ, ವೇಗ ತಗ್ಗಿಸಿ, ಸುರುಳಿಯ ಪಕ್ಕದ ಸರಿಯಾದ ಜಾಗಕ್ಕೆ ತರಬೇಕು. ಬೋರ್ಡ್ ತಿರುಗದಷ್ಟು ಬಿಗಿಯಾದರೆ ಆ ಜಾಗ ಸಿಗುವುದೇ ಇಲ್ಲ. ಜಾಗ ಸಿಗದಿದ್ದರೆ ಬಾಲದ ಮೇಲೆ ನೀರಿಲ್ಲ, ನೀರಿಲ್ಲದಿದ್ದರೆ ಫಿನ್ ಎಲ್ಲಿದ್ದರೂ ಮೂತಿ ಮುಳುಗುತ್ತದೆ.

ಹಿಡಿತ ಮತ್ತು ತಿರುವಿನ ಈ ಜಗ್ಗಾಟ ಹಳೆಯದು. 1966ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೋಸ್‌ರೈಡಿಂಗ್‌ಗೆ ಹೆಸರಾಗಿದ್ದ ಡೇವಿಡ್ ನುಹೀವಾ ಗೆಲ್ಲಬಹುದೆಂಬ ನಿರೀಕ್ಷೆ ಇತ್ತು. ಗೆದ್ದದ್ದು ಆಸ್ಟ್ರೇಲಿಯಾದ ನ್ಯಾಟ್ ಯಂಗ್. ಅವರ ಬೋರ್ಡ್ ತೆಳುವಾಗಿತ್ತು, ಫಿನ್ ಕಿರಿದಾಗಿ ಹಿಂದಕ್ಕೆ ಬಾಗಿತ್ತು. ರಭಸದಿಂದ ತಿರುಗುವುದಕ್ಕೆಂದೇ ಮಾಡಿದ್ದು ಅದು. ಒಂದೊಂದು ಆಟಕ್ಕೆ ಒಂದೊಂದು ಫಿನ್, ಎಲ್ಲಕ್ಕೂ ಒಪ್ಪುವ ಒಂದೇ ಜಾಗ ಎಂಬುದಿಲ್ಲ.

ಎಲ್ಲಿಂದ ಶುರು ಮಾಡಬೇಕು?

• ಮೊದಲು ಫಿನ್ ಅನ್ನು ಬಾಕ್ಸ್‌ನ ನಡುವೆ ಇಟ್ಟು ಕೆಲವು ಅಲೆ ಹಿಡಿಯಿರಿ.
• ಮೂತಿಗೆ ನಡೆದಾಗ ಬಾಲ ಪಕ್ಕಕ್ಕೆ ಜಾರಿದರೆ ಅರ್ಧ ಇಂಚು ಹಿಂದಕ್ಕೆ ಸರಿಸಿ.
• ಬೋರ್ಡ್ ತಿರುಗಲು ಹಟ ಮಾಡಿದರೆ ಅರ್ಧ ಇಂಚು ಮುಂದಕ್ಕೆ ತನ್ನಿ.
• ಅಲೆ ದೊಡ್ಡದಾಗಿ ವೇಗವಾಗಿದ್ದರೆ ತುಸು ಹಿಂದೆ, ಸಣ್ಣದಾಗಿ ನಿಧಾನವಾಗಿದ್ದರೆ ತುಸು ಮುಂದೆ.
• ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಹೊಂದಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಡಿ.
• ಪ್ರತಿ ಸಲ ಸ್ಕ್ರೂ ಬಿಗಿಯಾಗಿದೆಯೇ ನೋಡಿ. ಸಡಿಲ ಫಿನ್ ಅಲೆಯ ನಡುವೆ ಕಳಚಿದರೆ ಬೋರ್ಡ್ ನಿಮ್ಮ ಕೈಯಲ್ಲಿರುವುದಿಲ್ಲ.

ವಿಡಿಯೊ ನೋಡಿ ಪ್ರಯತ್ನಿಸುವ ಮುನ್ನ

ನಮ್ಮ ಕರಾವಳಿಯ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುತ್ತಾರೆ, ಸಸಿಹಿತ್ಲುವಿನಲ್ಲಿ ಸ್ಪರ್ಧೆಗಳೂ ನಡೆದಿವೆ. ಕಲಿಯುವ ಮನಸ್ಸಿದ್ದರೆ ಈಜು ಕಲಿತು, ತರಬೇತುದಾರರ ಜೊತೆಯಲ್ಲೇ ನೀರಿಗೆ ಇಳಿಯಿರಿ. ಅಲೆಯ ಮೇಲೆ ನೆಟ್ಟಗೆ ನಿಂತು ತಿರುಗಲು ಬಂದ ಮೇಲಷ್ಟೇ ಮೂತಿಯತ್ತ ನಡೆಯುವ ಮಾತು. ಮೂತಿ ಮುಳುಗಿದರೆ ನೀವು ಬೋರ್ಡ್‌ನ ಮುಂದೆಯೇ ಬೀಳುತ್ತೀರಿ, ಬೋರ್ಡ್ ನಿಮ್ಮ ಮೇಲೆ ಬರುತ್ತದೆ. ಫಿನ್ ಅಂಚು ತಗುಲಿದರೆ ಆಳವಾದ ಗಾಯವಾಗಬಹುದು. ಬಿದ್ದಾಗ ಎರಡೂ ತೋಳಿನಿಂದ ತಲೆಯನ್ನು ಮುಚ್ಚಿಕೊಂಡೇ ಮೇಲೆ ಬನ್ನಿ. ಮಳೆಗಾಲದ ಕಡಲು ಹೊಸಬರಿಗಲ್ಲ.

ಕೊನೆಯದಾಗಿ

ವಿಡಿಯೊ ನಿಜ. ಭಾರ ಕಟ್ಟಿರುವುದು ಸುಳ್ಳು. 'ಫಿನ್ ಹಿಂದಕ್ಕೆ ತಳ್ಳಿದರೆ ಸಾಕು' ಎಂಬುದು ಅರ್ಧ ಸತ್ಯ: ಫಿನ್ ನೆರವಾಗುತ್ತದೆ, ನಿಲ್ಲಿಸುವುದು ಮಾತ್ರ ಅಲೆ, ಬೋರ್ಡ್‌ನ ಆಕಾರ ಮತ್ತು ವರ್ಷಗಟ್ಟಲೆ ಅಭ್ಯಾಸ. ಆ ವಿಡಿಯೊವನ್ನು ಇನ್ನೊಬ್ಬರಿಗೆ ಕಳಿಸುವಾಗ ಈ ಮಾತನ್ನೂ ಜೊತೆಗೆ ಕಳಿಸಿ.