ಆಪರೇಷನ್ ಕೋಣೆಗೆ ಒಂಟಿಯಾಗಿ ಹೋದವರು



ಆಪರೇಷನ್‌ಗೆ ಹೋಗುವವರ ಕೈ ಹಿಡಿದು ಬಾಗಿಲವರೆಗೆ ನಡೆಯುವುದು ನಮ್ಮ ಮನೆಗಳ ವಾಡಿಕೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಅನ್ನು ಜಾಗತಿಕ ಪಿಡುಗೆಂದು ಸಾರಿದ ನಂತರ ಆ ಕೈ ತಪ್ಪಿಹೋಯಿತು. ಅನೇಕ ಆಸ್ಪತ್ರೆಗಳಲ್ಲಿ ಮನೆಯವರಿಗೂ, ಗುರುಗಳಾದ ನಮಗೂ ಪ್ರವೇಶವಿರಲಿಲ್ಲ. ಗಾಯ ಮಾಯ್ದರೂ ಆ ದಿನಗಳ ಅಳುಕನ್ನು ಹೊತ್ತವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರ ಮನಸ್ಸು ಅನುಭವಿಸಿದ್ದೇನು?

ಮೊದಲನೆಯದು, ಕಾಯುವ ಸಂಕಟ. 2020ರಲ್ಲಿ ಸೇವೆಗಳು ತೀರಾ ಅಸ್ತವ್ಯಸ್ತವಾದ 12 ವಾರಗಳಲ್ಲೇ ಜಗತ್ತಿನಾದ್ಯಂತ ಸುಮಾರು 2 ಕೋಟಿ 84 ಲಕ್ಷ ಆಪರೇಷನ್‌ಗಳು ರದ್ದಾಗುತ್ತವೆ ಇಲ್ಲವೇ ಮುಂದಕ್ಕೆ ಹೋಗುತ್ತವೆ ಎಂದು ಶಸ್ತ್ರವೈದ್ಯರ ಅಂತರರಾಷ್ಟ್ರೀಯ ತಂಡವೊಂದು ಅಂದಾಜಿಸಿತು. ಇದಕ್ಕೆ ಕಾರಣವಿತ್ತು. 24 ದೇಶಗಳ 1,128 ರೋಗಿಗಳ ಅಧ್ಯಯನದಲ್ಲಿ, ಆಪರೇಷನ್‌ನ ಆಸುಪಾಸಿನಲ್ಲಿ ಸೋಂಕು ತಗಲಿದವರ ಪೈಕಿ ನೂರಕ್ಕೆ ಸುಮಾರು 24 ಮಂದಿ 30 ದಿನಗಳೊಳಗೆ ತೀರಿಕೊಂಡಿದ್ದರು. ಮುಂದೂಡಿದ್ದು ಜೀವ ಉಳಿಸಲೆಂದೇ. ಆದರೆ ನೋವಿನಿಂದ ನಿದ್ದೆಗೆಟ್ಟವರಿಗೆ, 'ನನ್ನನ್ನು ಮರೆತುಬಿಟ್ಟರೇ?' ಎಂದೇ ಅನಿಸಿತು.

ಎರಡನೆಯದು, ಆಪರೇಷನ್ ನಂತರದ ಗೊಂದಲ. ವಯಸ್ಸಾದವರು, ಮುಖ್ಯವಾಗಿ ಸೊಂಟದ ಮೂಳೆ ಮುರಿತ ಇಲ್ಲವೇ ಹೃದಯದ ಆಪರೇಷನ್ ಆದವರು, ಒಮ್ಮೊಮ್ಮೆ ರಾತ್ರಿ ಏನೇನೋ ಮಾತಾಡುತ್ತಾರೆ, ಇಲ್ಲದವರನ್ನು ಕಾಣುತ್ತಾರೆ. ಕೆಲವರು ಸುಮ್ಮನೆ ಮಂಕಾಗಿಬಿಡುತ್ತಾರೆ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಸೋಂಕು, ಆಮ್ಲಜನಕದ ಕೊರತೆ, ಔಷಧಿಯ ಪರಿಣಾಮ ಇದರ ಹಿಂದೆ ಇರಬಹುದು. ಆದ್ದರಿಂದ ತಕ್ಷಣ ದಾದಿಯರಿಗೆ ತಿಳಿಸಬೇಕು. ಹಲವರಲ್ಲಿ ಕೆಲವೇ ದಿನಗಳಲ್ಲಿ ಇದು ಇಳಿಯುತ್ತದೆ. ಕನ್ನಡಕ, ಶ್ರವಣ ಸಾಧನ, ಕಣ್ಣೆದುರು ಗಡಿಯಾರ, ಹಗಲು ಬೆಳಕು, ರಾತ್ರಿ ನಿದ್ದೆ, ಎಲ್ಲಕ್ಕೂ ಮಿಗಿಲಾಗಿ ಪರಿಚಿತ ದನಿ ಇದಕ್ಕೆ ಆಸರೆ. ಪಿಡುಗಿನ ಕಾಲದಲ್ಲಿ ಮಾಸ್ಕ್ ಮುಖಗಳನ್ನು ಮರೆಮಾಡಿತು; ಮನೆಯವರ ದನಿಯೂ ದೂರವಾಯಿತು.

ಹಾಗಾದರೆ ನಾವೇನು ಮಾಡಬೇಕು? ಆಪರೇಷನ್‌ಗೆ ಮುನ್ನ ರೋಗಿಯ ಭಯವನ್ನು 'ಏನೂ ಆಗೋಲ್ಲ ಬಿಡು' ಎಂದು ತಳ್ಳಿಹಾಕದೆ ಕೇಳಿಸಿಕೊಳ್ಳೋಣ. ಅರಿವಳಿಕೆ ವೈದ್ಯರನ್ನು ಅವರೇ ಪ್ರಶ್ನೆ ಕೇಳಲಿ. ಒಳಗೆ ಹೋಗಲಾಗದಿದ್ದರೆ ದಿನವೂ ಒಂದೇ ಹೊತ್ತಿಗೆ ಫೋನ್ ಮಾಡೋಣ. ಮನೆಗೆ ಬಂದ ಮೇಲೂ ಎರಡು ವಾರ ಮೀರಿ ನಿದ್ದೆ ಬಾರದೆ, ಅಳು ನಿಲ್ಲದೆ ಇದ್ದರೆ ವೈದ್ಯರಿಗೆ ತೋರಿಸೋಣ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಅಂದು ಬಾಗಿಲು ಮುಚ್ಚಿತ್ತು, ಇಂದು ತೆರೆದಿದೆ. ಆ ದಿನಗಳಲ್ಲಿ ಒಂಟಿಯಾಗಿ ಮಲಗಿ ಎದ್ದು ಬಂದವರು ನಮ್ಮ ಮನೆಯಲ್ಲೇ ಇರಬಹುದು. ಈ ಭಾನುವಾರ ಪೂಜೆ ಮುಗಿಸಿ ಬಂದು ಅವರ ಪಕ್ಕದಲ್ಲಿ ಕೂತು, 'ಆಗ ನಿಮಗೆ ಹೇಗಿತ್ತು?' ಎಂದು ಒಮ್ಮೆ ಕೇಳೋಣ.