ಓಣಂಗೆ ಸೀರೆಯೋ, ಲಾಡೋ?

ಓಣಂ ಹತ್ತಿರ ಬಂದರೆ ಕಾಸರಗೋಡಿನ ಅಡಿಕೆ ಅಂಗಡಿಗಳಲ್ಲಿ ಒಂದು ಯೋಚನೆ: ಗುಮಾಸ್ತರಿಗೆ, ಕಸ ಗುಡಿಸುವ ಅಕ್ಕನಿಗೆ, ರಾತ್ರಿ ಕಾಯುವವನಿಗೆ ಏನು ಕೊಡುವುದು? ಸಿಹಿ ಡಬ್ಬ ಸುಲಭ. ಆದರೆ ಸಕ್ಕರೆ ಕಾಯಿಲೆಯವರಿಗೆ ಲಾಡು ಕೊಟ್ಟು ಏನು ಪ್ರಯೋಜನ ಮಾರಾಯ್ರೇ!

ಮಲಯಾಳಿ ಮನೆಗಳಲ್ಲಿ ಓಣಂಗೆ ಹೊಸ ಬಟ್ಟೆ, ಅಂದರೆ 'ಓಣಕ್ಕೋಡಿ', ಕೊಡುವುದು ವಾಡಿಕೆ. ಕನ್ನಡ, ತುಳು ಮನೆಯವರಿಗೆ ದೀಪಾವಳಿಯೇ ದೊಡ್ಡದು. ಯಾವ ಹಬ್ಬಕ್ಕೆ ಬೇಕೆಂದು ಅವರನ್ನೇ ಕೇಳಿಬಿಡಿ. ಬಟ್ಟೆಯಾದರೆ ದೂರ ಹೋಗಬೇಕಿಲ್ಲ. ನಮ್ಮೂರ ಕೈಮಗ್ಗದ ಕಾಸರಗೋಡು ಸೀರೆಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಹತ್ತಿಯ ಸೀರೆ, ನಮ್ಮ ಸೆಕೆಗೆ ಹೇಳಿದ್ದು. ನೇಕಾರರಿಗೂ ನಾಲ್ಕು ಕಾಸು ಆಗುತ್ತದೆ.

ಆದರೆ ಸೀರೆ ಕೊಟ್ಟು ಬೋನಸ್ ನುಂಗಬಾರದು. ಬೋನಸ್ ಕಾನೂನಿಗೆ ಒಳಪಟ್ಟ ಸಂಸ್ಥೆಗಳಲ್ಲಿ ಅರ್ಹ ನೌಕರರಿಗೆ ಕನಿಷ್ಠ 8.33 ಶೇಕಡಾ ಕೊಡಲೇಬೇಕು. ಅದು ಹಕ್ಕು, ಉಡುಗೊರೆಯ ಲೆಕ್ಕಕ್ಕೆ ಸೇರುವುದಿಲ್ಲ.

ಇನ್ನು ವಿಲೇಜ್ ಆಫೀಸಿನ ಪ್ಯೂನ್. ಹಬ್ಬದ ನೆಪದಲ್ಲಿ ಅವರ ಕಿಸೆಗೆ ನೋಟು ತುರುಕುವ ಅಭ್ಯಾಸ ಕೆಲವರಿಗಿದೆ. ಕಡತ ಬೇಗ ಸರಿಯಲಿ ಎಂದು ಕೊಟ್ಟರೆ ಅದು ಲಂಚವೇ. 2018ರ ತಿದ್ದುಪಡಿಯ ಬಳಿಕ ಕೊಟ್ಟವನಿಗೂ ಏಳು ವರ್ಷದವರೆಗೆ ಜೈಲಾಗಬಹುದು. ಅಲ್ಲಿಗೆ ಬರಿಗೈಯಲ್ಲೇ ಹೋಗಿ. ಕೆಲಸ ಆದ ಮೇಲೆ "ಉಪಕಾರ ಆಯ್ತಣ್ಣ" ಎಂದರಾಯಿತು.